ಮೊಣಕಾಲು ಮಣ್ಣಾಗಬೇಕು

ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದು. ಬೆಂಗಳೂರಿನ ಸೂಪರ್‌ಬೈಕ್ ಸಾಹುಕಾರನದು ಇದರ ಉಲ್ಟಾ: ನೆಲಕ್ಕೆ ಬೀಳಬಾರದು, ಆದರೆ ಮೊಣಕಾಲು ಮಣ್ಣಾಗಲೇಬೇಕು. ತಿರುವಿನಲ್ಲಿ ಬೈಕು ವಾಲಬೇಕು, ಒಳಮಗ್ಗುಲಿನ ಮೊಣಕಾಲು ಡಾಂಬರಿಗೆ ತಾಗಬೇಕು, ಚರ್ಮದ ಸೂಟಿಗೆ ಅಂಟಿಸಿದ ಪ್ಲಾಸ್ಟಿಕ್ ಬಿಲ್ಲೆ ಚರ್ರೆಂದು ಸವೆಯಬೇಕು, ಅದೇ ಕ್ಷಣಕ್ಕೆ ಪುಣ್ಯಾತ್ಮನೊಬ್ಬ ಕ್ಯಾಮೆರಾ ಒತ್ತಬೇಕು. ಆ ಫೋಟೋ ವಾಟ್ಸಾಪ್ ಡಿಪಿಯಾಗಿ ಕೂತ ಮೇಲೆ ಜನ್ಮ ಸಾರ್ಥಕ, ಆಮೇಲೆ ಸರ್ವಿಸ್ ಬಿಲ್ ಎಷ್ಟಾದರೂ ಬರಲಿ.

ಈ ಮೋಕ್ಷಕ್ಕೆ ಶಾಸ್ತ್ರಸಮ್ಮತ ದಾರಿ ಎರಡು. ಒಂದು ರೇಸ್ ಸ್ಕೂಲು. ಅಲ್ಲಿ ಪಾಠ ಹೇಳಿ, ಟ್ರ್ಯಾಕಿಗೆ ಬಿಟ್ಟು, ಬೆನ್ನ ಹಿಂದೆಯೇ ಬಂದು ನೋಡಿ, ವಾಪಸ್ ಕರೆದು ಕೂರಿಸಿ, ನೀವು ಮಾಡಿದ್ದು ಯಾಕೆ ತಪ್ಪು ಎಂದು ವಿವರಿಸುತ್ತಾರೆ. ಇನ್ನೊಂದು ಟ್ರ್ಯಾಕ್ ಡೇ. ದುಡ್ಡು ಕಟ್ಟಿ, ಏನಾದರೂ ಆದರೆ ನಾನೇ ಹೊಣೆ ಎಂಬ ಕಾಗದಕ್ಕೆ ಸಹಿ ಹಾಕಿ, ಸರದಿ ಬಂದಾಗ ಹದಿನೈದಿಪ್ಪತ್ತು ನಿಮಿಷ ಸುತ್ತು ಹೊಡೆದು ಬರುವುದು. ಸ್ಕೂಲಿನಲ್ಲಿ ‘ನಿನಗೆ ಬರೋದಿಲ್ಲ’ ಎಂದು ಹೇಳಿಸಿಕೊಳ್ಳಲು ದುಡ್ಡು ಕೊಡಬೇಕು. ಟ್ರ್ಯಾಕ್ ಡೇಯಲ್ಲಿ ಯಾರೂ ಹಾಗೆ ಹೇಳದಿರಲು ದುಡ್ಡು ಕೊಡಬೇಕು. ಯಾವ ಅಂಗಡಿಗೆ ಗಿರಾಕಿ ಜಾಸ್ತಿ ಎಂದು ನಾನು ಬಾಯಿಬಿಟ್ಟು ಹೇಳಬೇಕಿಲ್ಲ.

ನಮ್ಮ ಅಪಾರ್ಟ್‌ಮೆಂಟಿನ ಸಾಹುಕಾರರು ಇವೆರಡರ ನಡುವೆ ತೂಗಾಡುತ್ತಿದ್ದಾರೆ. ಸಾಫ್ಟ್‌ವೇರ್ ಮ್ಯಾನೇಜರು, ವಯಸ್ಸು ನಲವತ್ತರ ಹೊಸ್ತಿಲು, ಬೇಸ್‌ಮೆಂಟಿನಲ್ಲಿ ಸಾವಿರ ಸಿಸಿಯ ಬೈಕು, ಅದರೊಳಗೆ ಇನ್ನೂರು ಕುದುರೆ. ಆ ಕುದುರೆಗಳು ವಾರದಲ್ಲಿ ಒಂದು ದಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಬಿಸಿ ಉಸಿರು ಬಿಡುತ್ತ ನಿಲ್ಲುತ್ತವೆ, ‘ಟ್ರ್ಯಾಕ್ ಮೋಡ್’ನಲ್ಲಿ. ಸೈಲೆನ್ಸರಿಗೇ ಲಕ್ಷ ದಾಟಿದೆ. ಟೈರಿನ ಅಂಚು ಮಾತ್ರ ಶೋರೂಮಿನಿಂದ ಬಂದ ದಿನದ ಹಾಗೆಯೇ ಹೊಸದಾಗಿತ್ತು, ಏಕೆಂದರೆ ಬೈಕು ಆ ಮಟ್ಟಕ್ಕೆ ಎಂದೂ ವಾಲಿಲ್ಲ. ಅಂಚು ಸವೆಯದ ಟೈರು ಅಂಜುಬುರುಕನ ಗುರುತೆಂದು ಈ ಲೋಕದಲ್ಲಿ ಲೆಕ್ಕ. ಸಾಹುಕಾರರು ಒಂದು ರಾತ್ರಿ ಬೇಸ್‌ಮೆಂಟಿನಲ್ಲಿ ಮಂಡಿಯೂರಿ ಕೂತು ಮರಳುಕಾಗದ ಹಿಡಿದು ಟೈರು ಉಜ್ಜುತ್ತಿದ್ದುದನ್ನು ವಾಚ್‌ಮನ್ ನೋಡಿದ್ದಾನೆ. ಪೂಜೆಗೆ ತೊಳೀತಿದ್ದಾರೆ ಅಂದುಕೊಂಡನಂತೆ.

ಕರ್ನಾಟಕದಲ್ಲಿ ಇಂಥ ಬೈಕು ಬಿಡುವಂಥ ಪೂರ್ಣಪ್ರಮಾಣದ ಟ್ರ್ಯಾಕ್ ಇಲ್ಲ. ಹಾಗಾಗಿ ಸ್ಕೂಲಾದರೂ ಸರಿ, ಟ್ರ್ಯಾಕ್ ಡೇಯಾದರೂ ಸರಿ, ಗಡಿ ದಾಟಬೇಕು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಎರಡು ಕಿಲೋಮೀಟರಿಗೆ ತುಸು ಹೆಚ್ಚು. ಚೆನ್ನೈ ಹೆದ್ದಾರಿಯಲ್ಲಿ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇದೆ. ಶೋಳಾವರಂನ ಹಳೆಯ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ರೇಸುಗಳಿಗೆ 1990ರಲ್ಲಿ ಸಿಕ್ಕ ಕಾಯಂ ವಿಳಾಸ ಅದು. ದೆಹಲಿ ಪಕ್ಕದ ಬುದ್ಧ ಸರ್ಕಿಟ್‌ನಲ್ಲಿ 2023ರಲ್ಲಿ ಮೋಟೋಜಿಪಿ ವಿಶ್ವಮಟ್ಟದ ರೇಸೇ ನಡೆದುಹೋಯಿತು. ಒಂದು ಕಿಲೋಮೀಟರಿಗೂ ಉದ್ದದ ನೇರ ದಾರಿಯಿರುವ ಆ ಟ್ರ್ಯಾಕಿಗೆ, ಆಸೆಯೇ ದುಃಖಕ್ಕೆ ಮೂಲ ಅಂದವನ ಹೆಸರಿಟ್ಟವರು ಯಾರೋ, ಅವರಿಗೊಂದು ನಮಸ್ಕಾರ. ಬೆಂಗಳೂರಿನವರಿಗೆ ಹತ್ತಿರದ ಕ್ಷೇತ್ರ ಮಾತ್ರ ತಮಿಳುನಾಡಿನದೇ. ಕಾವೇರಿ ವಿಷಯಕ್ಕೆ ಬಂದರೆ ಒಂದು ಹನಿಯನ್ನೂ ಬಿಡಲೊಪ್ಪದ ನಮ್ಮ ಹುಡುಗರು ಪೆಟ್ರೋಲು, ಟೈರು, ಸಂಬಳ ಮೂರನ್ನೂ ಯಾವ ನ್ಯಾಯಮಂಡಳಿಯ ಆದೇಶಕ್ಕೂ ಕಾಯದೆ ಅಲ್ಲಿಗೆ ಹರಿಸಿ ಬರುತ್ತಾರೆ.

ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಪಕ್ಕದ ಊರು ಶ್ರೀಪೆರಂಬುದೂರು, ರಾಮಾನುಜಾಚಾರ್ಯರು ಹುಟ್ಟಿದ ಸ್ಥಳ. ಅವರು ಮಂತ್ರೋಪದೇಶಕ್ಕಾಗಿ ತಿರುಕೋಷ್ಟಿಯೂರು ನಂಬಿಯವರ ಬಾಗಿಲಿಗೆ ಹದಿನೆಂಟು ಸಲ ನಡೆದರು ಎಂಬುದು ಗುರುಪರಂಪರೆಯ ಕಥೆ. ಉಪದೇಶ ಸಿಕ್ಕಿದ ಮೇಲೆ ಗೋಪುರ ಹತ್ತಿ ಊರಿಗೆಲ್ಲ ಕೂಗಿ ಹೇಳಿದರು. ನಮ್ಮ ಸವಾರರು ಈ ಕಥೆಯ ಕೊನೆಯ ಭಾಗವನ್ನು ಮಾತ್ರ ಚಾಚೂ ತಪ್ಪದೆ ಪಾಲಿಸುತ್ತಾರೆ. ಸ್ಕೂಲಿನಲ್ಲಿ ಒಂದನೇ ಲೆವೆಲ್ ಮುಗಿಸಿದ್ದೇ ತಡ, ಇನ್‌ಸ್ಟಾಗ್ರಾಮ್ ಗೋಪುರ ಹತ್ತಿ ‘ಗೆಳೆಯರೇ, ಕಾರ್ನರಿಂಗ್ ಅಂದರೆ ಏನು ಗೊತ್ತಾ’ ಎಂದು ಉಪದೇಶ ಶುರು. ಉಳಿದ ಹದಿನೇಳು ನಡಿಗೆ ಯಾರಿಗೆ ಬೇಕು?

ಸ್ಕೂಲು ಎಂದರೆ ಈ ಲೋಕದಲ್ಲಿ ಮೊದಲು ನೆನಪಾಗುವ ಹೆಸರು ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲು. ಕೀತ್ ಕೋಡ್ ಎಂಬಾತ 1980ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ್ದು. ಇರುಂಗಾಟ್ಟುಕೋಟ್ಟೈಗೂ ಬಂದು ಪಾಠ ಹೇಳಿದೆ. ಸಾಹುಕಾರರಂಥವರಿಗೆ ಅಲ್ಲಿ ಕಾದಿರುವ ಅವಮಾನ ಮೊದಲ ಪಾಠದಲ್ಲೇ ಇದೆ: ಒಂದೇ ಗೇರು, ಬ್ರೇಕು ಮುಟ್ಟುವಂತಿಲ್ಲ. ಇಟಲಿಯಿಂದ ಬಂದ ಬ್ರೇಕು, ಕ್ಲಚ್ ಹಿಡಿಯದೆ ಗೇರು ಬದಲಿಸುವ ಯಂತ್ರ, ಮುಂದಿನ ಚಕ್ರ ಮೇಲೇಳದಂತೆ ಕಾಯುವ ಕಂಪ್ಯೂಟರು, ಎಲ್ಲವನ್ನೂ ಕಂತಿನಲ್ಲಿ ಕೊಂಡವನಿಗೆ ‘ಅದನ್ನೆಲ್ಲ ಬಿಡಿ, ಬರೀ ಥ್ರಾಟಲ್ ಸರಿಯಾಗಿ ತಿರುವಿ’ ಎಂದರೆ ಹೇಗಾಗಬೇಡ? ಆದರೆ ಪಾಠದ ತಿರುಳು ಇರುವುದೂ ಅಲ್ಲೇ. ತಿರುವಿನೊಳಗೆ ಹೊಕ್ಕ ಮೇಲೆ ವೇಗ ಹೆಚ್ಚಾಯಿತೆಂದು ಹೆದರಿದವನ ಕೈ ತಾನಾಗಿ ಥ್ರಾಟಲ್ ಮುಚ್ಚುತ್ತದೆ. ಮುಚ್ಚಿದೊಡನೆ ಭಾರವೆಲ್ಲ ಮುಂದಿನ ಚಕ್ರಕ್ಕೆ ಬೀಳುತ್ತದೆ, ಬೈಕು ಹಿಡಿದ ದಾರಿ ಬಿಟ್ಟು ಹೊರಮಗ್ಗುಲಿಗೆ ಜಾರುತ್ತದೆ, ಸವಾರ ಇನ್ನಷ್ಟು ಹೆದರುತ್ತಾನೆ, ಕಣ್ಣು ಎದುರಿನ ತಡೆಗೋಡೆಗೆ ನೆಡುತ್ತದೆ, ಕಣ್ಣು ನೆಟ್ಟಲ್ಲಿಗೇ ಬೈಕು ಹೋಗುತ್ತದೆ. ಪ್ರಾಣ ಉಳಿಸಿಕೊಳ್ಳಲೆಂದು ದೇಹ ಮಾಡುವ ಪ್ರತಿ ಕೆಲಸವೂ ಬೈಕಿನ ಮೇಲೆ ಪ್ರಾಣಕ್ಕೇ ಎರವು. ಇದು ತಾನಾಗಿ ತಿಳಿಯುವ ವಿದ್ಯೆಯಲ್ಲ, ಯಾರಾದರೂ ಹೇಳಿಕೊಡಬೇಕು.

ಆ ಸ್ಕೂಲಿನವರು ಮಾಡಿಸಿದ ಬೈಕೊಂದಿದೆ. ಅದಕ್ಕೆ ಎರಡು ಜೊತೆ ಹ್ಯಾಂಡಲ್ಲು. ಒಂದು ಮಾಮೂಲಿ, ಇನ್ನೊಂದು ಚಾಸಿಗೇ ಬಿಗಿದದ್ದು, ಅಲ್ಲಾಡುವುದಿಲ್ಲ, ಥ್ರಾಟಲ್ ಮಾತ್ರ ಅದರಲ್ಲೂ ಉಂಟು. ಈ ಎರಡನೆಯದನ್ನು ಹಿಡಿದು ಬರೀ ಮೈ ವಾಲಿಸಿ ಬೈಕು ತಿರುಗಿಸಿ ನೋಡೋಣ ಎನ್ನುತ್ತಾರೆ. ಸವಾರ ಎಡಕ್ಕೆ ಬಾಗುತ್ತಾನೆ, ಬಲಕ್ಕೆ ಜೋತುಬೀಳುತ್ತಾನೆ, ಫುಟ್‌ರೆಸ್ಟ್ ತುಳಿಯುತ್ತಾನೆ, ಮೊಣಕಾಲು ಚಾಚುತ್ತಾನೆ. ಬೈಕು ತುಸು ಅಲುಗಾಡಿ, ಸರ್ಕಾರಿ ಗುಮಾಸ್ತರಂತೆ, ತಾನು ಹೋಗುತ್ತಿದ್ದ ದಾರಿಯಲ್ಲೇ ಹೋಗುತ್ತದೆ. ಬಲಕ್ಕೆ ಹೋಗಬೇಕಾದರೆ ಬಲಗಡೆಯ ಹ್ಯಾಂಡಲ್ಲನ್ನು ಮುಂದಕ್ಕೆ ಒತ್ತಬೇಕು, ಅಷ್ಟೇ. ವರ್ಷಗಟ್ಟಲೆ ನಂದಿಬೆಟ್ಟದ ರಸ್ತೆಯಲ್ಲಿ ಸೊಂಟ ತಿರುಚಿ ಸರ್ಕಸ್ ಮಾಡಿದವನಿಗೆ, ಆ ಸರ್ಕಸ್ಸಿಗೂ ಬೈಕು ತಿರುಗಿದ್ದಕ್ಕೂ ಸಂಬಂಧವೇ ಇರಲಿಲ್ಲ ಎಂದು ತಿಳಿಯುವ ಗಳಿಗೆ ಅದು. ಫೀಸಿನಲ್ಲಿ ಅರ್ಧ ಆ ಗಳಿಗೆಗೇ ವಸೂಲು.

ಕೋಡ್ ತನ್ನ 1983ರ ಪುಸ್ತಕ ‘ಎ ಟ್ವಿಸ್ಟ್ ಆಫ್ ದ ರಿಸ್ಟ್’ನಲ್ಲಿ ಸವಾರನ ಗಮನವನ್ನು ಹತ್ತು ಡಾಲರಿನ ನೋಟಿಗೆ ಹೋಲಿಸುತ್ತಾನೆ. ಒಂದು ಕೆಲಸಕ್ಕೆ ಐದು ಖರ್ಚು ಮಾಡಿದರೆ ಮಿಕ್ಕಿದ್ದಕ್ಕೆಲ್ಲ ಉಳಿಯುವುದು ಐದೇ. ಸಾಹುಕಾರರ ಹತ್ತು ಡಾಲರಿನ ಬಜೆಟ್ ಹೀಗಿದೆ: ಹಿಂದಿನವನು ಓವರ್‌ಟೇಕ್ ಮಾಡಿಬಿಟ್ಟಾನೆಂಬ ಭಯಕ್ಕೆ ನಾಲ್ಕು, ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾ ಆನ್ ಆಗಿದೆಯೋ ಇಲ್ಲವೋ ಎಂಬುದಕ್ಕೆ ಮೂರು, ಮೊಣಕಾಲು ಎಲ್ಲಿದೆ ಎಂಬುದಕ್ಕೆ ಎರಡು, ಬೈಕಿನ ಸಾಲದ ಕಂತಿಗೆ ಒಂದು. ತಿರುವಿಗೆ ಸಾಲ ಮಾಡಬೇಕು.

ಟ್ರ್ಯಾಕ್ ಡೇಯ ವೈಭವವೇ ಬೇರೆ. ಬೆಳಗ್ಗೆ ಹೆಡ್‌ಲೈಟಿಗೂ ಕನ್ನಡಿಗೂ ಟೇಪು ಸುತ್ತುವಾಗಲೇ ಸವಾರನ ಮುಖದಲ್ಲಿ ಮೋಟೋಜಿಪಿ ಚಾಂಪಿಯನ್ ರೊಸ್ಸಿಯ ಕಳೆ. ಹಳದಿ, ಕೆಂಪು, ನೀಲಿ ಬಾವುಟಗಳ ಅರ್ಥ ಹೇಳುವಾಗ ಅರ್ಧ ಜನ ಇಡ್ಲಿ-ಪೊಂಗಲ್ ಕೌಂಟರಿನಲ್ಲಿ. ಆಮೇಲೆ ಗುಂಪು ಹಂಚುತ್ತಾರೆ: ಹೊಸಬರು, ನಡುವಿನವರು, ವೇಗದವರು. ನೀವು ಯಾವ ಗುಂಪು ಎಂದು ಹೇಳುವವರು, ಬಹಳ ಕಡೆ, ನೀವೇ. ‘ಹೊಸಬ’ ಎಂದು ಬರೆಯಲು ಕೈ ಬಾರದ ಗಂಡಸರು ನಡುವಿನ ಗುಂಪಿನಲ್ಲಿ ಕಿಕ್ಕಿರಿಯುತ್ತಾರೆ. ನೇರ ದಾರಿಯಲ್ಲಿ ಇನ್ನೂರು ಕುದುರೆಗಳೂ ಕೆನೆಯುತ್ತ ಓಡಿ, ತಿರುವು ಕಂಡೊಡನೆ ಒಂದೇ ಸಲ ಲಾಯದ ನೆನಪಾಗಿ ನಿಂತುಬಿಡುತ್ತವೆ. ಆಗ ಹೊಸೂರಿನ ಫ್ಯಾಕ್ಟರಿಯ 310 ಸಿಸಿ ಬೈಕೇರಿದ ಕಾಲೇಜು ಹುಡುಗನೊಬ್ಬ ಒಳಗಿನಿಂದ ತೂರಿ ಮುಂದೆ ಹೋಗುತ್ತಾನೆ. ಮುಂದಿನ ನೇರ ದಾರಿಯಲ್ಲಿ ಸಾಹುಕಾರರು ಅವನನ್ನು ಹಿಂದಿಕ್ಕುತ್ತಾರೆ, ಮುಂದಿನ ತಿರುವಿನಲ್ಲಿ ಹುಡುಗ ಇವರನ್ನು. ದಿನವಿಡೀ ಇದೇ. ಹುಡುಗನ ಬೈಕಿನ ಬೆಲೆ ಇವರ ಬೈಕಿನ ಒಂದು ಕಂತಿಗೆ ಬಡ್ಡಿ ಸೇರಿಸಿದಷ್ಟು ಎಂದು ಪ್ಯಾಡಕ್ಕಿನಲ್ಲಿ ಯಾರೋ ನಕ್ಕರು. ಅತಿಶಯೋಕ್ತಿಯೇ ಸರಿ, ಆದರೂ ಚುಚ್ಚಿತು.

ಪಾಠ ಇಲ್ಲದೆ ಟ್ರ್ಯಾಕಿನಲ್ಲಿ ಸುತ್ತುವವನು ಅಭ್ಯಾಸ ಮಾಡುವುದು ತನ್ನ ತಪ್ಪುಗಳನ್ನೇ. ಬೆಳಗ್ಗೆ ತೊದಲಿದ ತಪ್ಪು ಸಂಜೆಗೆ ಕಂಠಪಾಠ. ಹಾಗೆಂದು ಸ್ಕೂಲಿನ ಮಂದಿಯೆಲ್ಲ ಸಾಧುಗಳೇನಲ್ಲ. ಅಲ್ಲಿಯೂ ಒಂದು ಜಾತಿಯಿದೆ: ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ಹಾಲಿನ ಗೋಡೆ ತುಂಬಿಸಿ, ವರ್ಷವೆಲ್ಲ ಬೈಕಿಗೆ ಹೊದಿಕೆ ಹೊದಿಸಿ, ಮುಂದಿನ ಲೆವೆಲ್ಲಿಗೆ ಕಾಯುವವರದು. ಟ್ಯೂಷನ್ನಿಗೆ ಹೋಗಿ ಹೋಂವರ್ಕ್ ಮಾಡದ ಹುಡುಗರು ಬೆಳೆದು ಹೀಗಾಗಿರಬೇಕು. ಪಾಠ ಕಲಿತವನು ಟ್ರ್ಯಾಕ್ ಡೇಗಳಿಗೆ ಹೋಗಿ, ಒಂದು ಸರದಿಗೆ ಒಂದೇ ಪಾಠದಂತೆ, ಬೇಸರವಾಗುವ ತನಕ ಅದನ್ನೇ ತಿದ್ದಬೇಕು. ಹಾಗೆ ತಿದ್ದುವವನು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅವನ ಮುಖದಲ್ಲಿ ರೊಸ್ಸಿಯ ಕಳೆ ಇರುವುದಿಲ್ಲ, ಲೆಕ್ಕ ಬಿಡಿಸುವವನ ಮುಖ ಇರುತ್ತದೆ.

ಇದನ್ನೇ ಸಾಹುಕಾರರಿಗೆ ಹೇಳಿದೆ. ‘ಮೊದಲು ಸ್ಕೂಲು, ಆಮೇಲೆ ಟ್ರ್ಯಾಕು. ಎರಡಕ್ಕೂ ದುಡ್ಡಿಲ್ಲ ಅಂದ್ರೆ ಸ್ಕೂಲು ಒಂದೇ ಸಾಕು.’

‘ಸ್ಕೂಲು ತುಂಬಾ ಕಾಸ್ಟ್ಲಿ ಸಾರ್’ ಎಂದರು, ಲಕ್ಷದ ಸೈಲೆನ್ಸರಿಗೆ ಒರಗಿಕೊಂಡು.

ಊರಿಂದ ಬಂದಿದ್ದ ಅವರ ತಾಯಿ ಕಾಫಿ ತಂದಿಟ್ಟು, ‘ನಿಮ್ಮಪ್ಪ ಸ್ಕೂಲಿಗೆ ಕಳಿಸಿದಾಗ ಮಾವಿನ ತೋಪಿಗೆ ಹೋಗ್ತಿದ್ದ ನೀನು, ಈಗ ದುಡ್ಡು ಕೊಟ್ಟು ಸ್ಕೂಲಿಗೆ ಹೋಗ್ತೀಯೇನೋ? ಒಳ್ಳೇದಾಯ್ತು ಬಿಡು, ಹೋಗು’ ಎಂದರು. ಇಡೀ ವಿಷಯದಲ್ಲಿ ನಾನು ಕೇಳಿದ ಅತ್ಯಂತ ವಿವೇಕದ ಮಾತು ಅದೇ. ಹೆಂಡತಿಯ ಪ್ರಶ್ನೆ ಬೇರೆ ಇತ್ತು: ‘ರೀ, ಅಲ್ಲಿ ಬಿದ್ರೆ ಇನ್ಶೂರೆನ್ಸ್ ಕೊಡ್ತಾರಾ?’ ಸಾಹುಕಾರರು ಪಾಲಿಸಿಯ ಕಾಗದ ತೆಗೆದು ಓದತೊಡಗಿದರು. ನಮ್ಮ ಮೋಟಾರು ವಿಮೆಯ ಕಾಗದಗಳಲ್ಲಿ, ವಾಹನವನ್ನು ಯಾತಕ್ಕೆ ಬಳಸಬಾರದು ಎಂಬ ಭಾಗದಲ್ಲಿ, ರೇಸು ಮತ್ತು ವೇಗ ಪರೀಕ್ಷೆಯ ಹೆಸರು ಸಣ್ಣಕ್ಷರದಲ್ಲಿ ಮೊದಲಿನಿಂದಲೂ ಇದೆ. ಯಾರೂ ಓದಿರುವುದಿಲ್ಲ, ಏಕೆಂದರೆ ಓದುವ ವಯಸ್ಸಿನಲ್ಲಿ ಮಾವಿನ ತೋಪಿನಲ್ಲಿದ್ದರು.

ಇಷ್ಟೆಲ್ಲ ಗೋಜಲು ಬೇಡವೆಂದು ಬೆಂಗಳೂರು ತನ್ನದೇ ಮೂರನೆಯ ಶಾಲೆಯನ್ನು ನಡೆಸುತ್ತಿದೆ. ಭಾನುವಾರ ಬೆಳಕು ಹರಿಯುವ ಮೊದಲೇ ಹೆಬ್ಬಾಳ ದಾಟಿ ನಂದಿಯತ್ತ ತರಗತಿ ಶುರು. ಹಾಲಿನ ಟೆಂಪೋ, ದ್ರಾಕ್ಷಿ ತೋಟಕ್ಕೆ ಹೊರಟ ಟ್ರ್ಯಾಕ್ಟರು, ಎದುರುಗಡೆಯಿಂದ ಬರುವ ಬಸ್ಸು, ರಸ್ತೆ ದಾಟುವ ಹಸು, ಎಲ್ಲರೂ ಇಲ್ಲಿ ಬೋಧಕವರ್ಗ. ಬಾವುಟ ಬೀಸುವವರಿಲ್ಲ. ಆ್ಯಂಬುಲೆನ್ಸ್ ಟ್ರ್ಯಾಕಿನ ಪಕ್ಕ ಕಾದು ನಿಂತಿರುವುದಿಲ್ಲ, ಫೋನ್ ಮಾಡಿದ ಮೇಲೆ ಹೊರಡುತ್ತದೆ. ಪ್ರವೇಶಕ್ಕೆ ಚರ್ಮದ ಸೂಟು ಕಡ್ಡಾಯವಲ್ಲ, ಚಡ್ಡಿ-ಚಪ್ಪಲಿಯೂ ನಡೆಯುತ್ತದೆ. ಶುಲ್ಕವನ್ನು ಸರ್ಕಾರವೇ ನಿಗದಿ ಮಾಡಿದೆ: ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ, 2019ರ ಪರಿಷ್ಕೃತ ದರದಲ್ಲಿ, ರಸ್ತೆಯಲ್ಲಿ ರೇಸು ಮಾಡಿ ಮೊದಲ ಸಲ ಸಿಕ್ಕಿಬಿದ್ದವರಿಗೆ 5,000 ರೂಪಾಯಿವರೆಗೆ ದಂಡ. ವಸತಿ ಸಹಿತ ಕೋರ್ಸ್ ಬೇಕಾದವರಿಗೆ ಮೂರು ತಿಂಗಳವರೆಗೆ ಜೈಲಿನ ಸೌಲಭ್ಯವೂ ಉಂಟು. ಕಲಿಕೆಯಲ್ಲಿ ಹೆಚ್ಚಿನ ಆಸಕ್ತಿ ತೋರಿ ಮತ್ತೆ ಸಿಕ್ಕಿಬಿದ್ದರೆ ವಸತಿ ಒಂದು ವರ್ಷದವರೆಗೆ, ಶುಲ್ಕ 10,000 ರೂಪಾಯಿವರೆಗೆ. ಯಾವ ಟ್ರ್ಯಾಕ್ ಡೇ ಈ ರೇಟಿಗೆ ಸಿಗುತ್ತದೆ ಹೇಳಿ?

ಮೊನ್ನೆ ಲಿಫ್ಟಿನಲ್ಲಿ ಸಾಹುಕಾರರು ಸಿಕ್ಕಿದ್ದರು. ಯಾವುದಕ್ಕೆ ಹೆಸರು ಕೊಟ್ಟಿರಿ, ಸ್ಕೂಲಿಗೋ ಟ್ರ್ಯಾಕ್ ಡೇಗೋ ಎಂದು ಕೇಳಿದೆ.

‘ಇನ್ನೂ ರಿಸರ್ಚ್ ಮಾಡ್ತಾ ಇದೀನಿ ಸಾರ್. ಆತುರದ ಡಿಸಿಷನ್ ಬೇಡ ಅಂತ. ಈ ಭಾನುವಾರ ಗ್ರೂಪಿನವರೆಲ್ಲ ಸೇರಿ ನಂದಿಗೆ ಹೋಗ್ತಾ ಇದೀವಿ, ಅಲ್ಲೇ ಕೂತು ಡಿಸ್ಕಸ್ ಮಾಡೋಕೆ.’