ಸೋಲಿಲ್ಲದ ಸರದಾರರಿಗೆ, ಸೋಲುವ ಹುರಿಯಾಳಿನ ಬಗ್ಗೆ

ಮಾನ್ಯ ಮಲ್ಲಿಕಾರ್ಜುನ ಖರ್ಗೆ ಸಾಹೇಬರಿಗೆ ನಮಸ್ಕಾರಗಳು.

ಈ ಪತ್ರವನ್ನು ಎಐಸಿಸಿ ಅಧ್ಯಕ್ಷರಿಗೆ ಬರೆಯಬೇಕೋ ಹೈಕಮಾಂಡಿಗೆ ಬರೆಯಬೇಕೋ ಎಂಬ ಗೊಂದಲ ನನಗಿತ್ತು. ಕರ್ನಾಟಕದ ಮುಖ್ಯಮಂತ್ರಿ ಬದಲಾಗುತ್ತಾರೆಯೇ ಎಂದು 2025ರಲ್ಲಿ ಸುದ್ದಿಗಾರರು ಕೇಳಿದಾಗ, ಅದೆಲ್ಲ ಹೈಕಮಾಂಡಿನ ಕೈಯಲ್ಲಿದೆ ಎಂದು ನೀವೇ ಅಪ್ಪಣೆ ಕೊಡಿಸಿದ್ದಿರಿ. ಪಕ್ಷದ ಅಧ್ಯಕ್ಷರ ಮೇಲೆ ಇನ್ನೊಂದು ಹೈಕಮಾಂಡ್ ಯಾವ ಮಹಡಿಯಲ್ಲಿ ಕೂರುತ್ತದೋ ನಮ್ಮಂಥವರಿಗೆ ತಿಳಿಯದು. ಹಾಗಾಗಿ ನಿಮ್ಮ ವಿಳಾಸಕ್ಕೇ ಹಾಕುತ್ತಿದ್ದೇನೆ. ಮುಂದಕ್ಕೆ ರವಾನಿಸುವ ಕೃಪೆ ಮಾಡಬೇಕು.

ವಿಷಯ ರಾಷ್ಟ್ರಪತಿ ಚುನಾವಣೆಯದು. ದ್ರೌಪದಿ ಮುರ್ಮು ಅವರ ಅವಧಿ 2027ರ ಜುಲೈಗೆ ಮುಗಿಯುತ್ತದೆ. ಅದಕ್ಕೆ ಈಗಲೇ ಏನವಸರ, ಜೂನ್ ಮೂರನೇ ವಾರ ಇದೆಯಲ್ಲ ಎನ್ನುತ್ತೀರಿ. ನಿಮ್ಮ ಪಾಳಯದಲ್ಲಿ ಹುರಿಯಾಳು ಹುಡುಕುವುದಕ್ಕೆ ಅದೇ ಮುಹೂರ್ತ ಎಂಬುದು ಈಗ ಪಂಚಾಂಗದಷ್ಟೇ ಖಚಿತ. ನೀವು ಅಧ್ಯಕ್ಷರಾದ ಮೇಲೆ ಬರುವ ಮೊದಲ ರಾಷ್ಟ್ರಪತಿ ಚುನಾವಣೆ ಇದು ಎಂಬ ಕಾರಣಕ್ಕೆ ಸ್ವಲ್ಪ ಮುಂಚೆ ನೆನಪಿಸುತ್ತಿದ್ದೇನೆ.

ನಿಮಗೆ ‘ಸೋಲಿಲ್ಲದ ಸರದಾರ’ ಎಂಬ ಬಿರುದಿದೆ. 2019ರಲ್ಲಿ ಕಲಬುರಗಿಯ ಮತದಾರರು ಅದಕ್ಕೊಂದು ಅಡಿಟಿಪ್ಪಣಿ ಸೇರಿಸಿದರು, ಅದಿರಲಿ. ಫಲಿತಾಂಶ ಮೊದಲೇ ಗೊತ್ತಿರುವ ಚುನಾವಣೆ ಹೇಗಿರುತ್ತದೆ ಎಂಬುದೂ ನಿಮಗೆ ಹೊಸದಲ್ಲ. 2022ರ ಅಕ್ಟೋಬರಿನಲ್ಲಿ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ನಿಮಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಅಲ್ಲಿ ನೀವು ಗೆಲ್ಲುವ ಕಡೆ ಇದ್ದಿರಿ. ರಾಷ್ಟ್ರಪತಿ ಚುನಾವಣೆ ಬಂತೆಂದರೆ ಮಾತ್ರ ನಿಮ್ಮ ಪಕ್ಷ ತರೂರರ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಅದೂ ಯಾವುದಾದರೂ ಹಿರಿಯರ ಕೊರಳಿಗೆ ಹಾರ ಹಾಕಿ ಅವರನ್ನು ಮುಂದೆ ಬಿಟ್ಟುಕೊಂಡು.

2022ರ ಜೂನ್ ನೆನಪಿಸಿಕೊಳ್ಳಿ. ದೆಹಲಿಯ ಕಾನ್‌ಸ್ಟಿಟ್ಯೂಷನ್ ಕ್ಲಬ್ಬಿನಲ್ಲಿ ಮಮತಾ ಬ್ಯಾನರ್ಜಿ ಸಭೆ ಕರೆದರು, ನೀವೂ ಹೋಗಿದ್ದಿರಿ. ಶರದ್ ಪವಾರ್ ಒಲ್ಲೆ ಎಂದರು. ಅವರಿಗೆ ಕೂಡಿಸುವ ಕಳೆಯುವ ಲೆಕ್ಕ ಚೆನ್ನಾಗಿ ಬರುತ್ತದೆ. ಫಾರೂಕ್ ಅಬ್ದುಲ್ಲಾ ತಮ್ಮ ಅಗತ್ಯ ಕಾಶ್ಮೀರಕ್ಕಿದೆ ಎಂದು ಹಿಂದೆ ಸರಿದರು. ಗೋಪಾಲಕೃಷ್ಣ ಗಾಂಧಿಯವರೂ ಕೈಮುಗಿದರು. ಅವರನ್ನು 2017ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ನಿಲ್ಲಿಸಿ, ವೆಂಕಯ್ಯ ನಾಯ್ಡು ಅವರ 516ಕ್ಕೆ ಎದುರಾಗಿ 244 ಮತ ಕೊಟ್ಟು ಕಳಿಸಿದವರು ನೀವೆಲ್ಲ. ಐದು ವರ್ಷ ಕಳೆದು ಮತ್ತೆ ಅವರ ಮನೆ ಬಾಗಿಲಿಗೇ ಹೋದಿರಿ. ಗಾಂಧೀಜಿಯ ಮೊಮ್ಮಗ ನಿಜ, ಆದರೂ ಎಷ್ಟು ಸಲ ಅಂತ ಇನ್ನೊಂದು ಕೆನ್ನೆ ತೋರಿಸುತ್ತಾರೆ?

ಮೂವರು ಬೇಡವೆಂದ ಮೇಲೆ ಜೂನ್ 21ರಂದು ಯಶವಂತ ಸಿನ್ಹಾ ಹೆಸರು ಹೊರಬಿತ್ತು. ವಾಜಪೇಯಿ ಸರ್ಕಾರದಲ್ಲಿ ಹಣಕಾಸು ಮತ್ತು ವಿದೇಶಾಂಗ ಖಾತೆ ನೋಡಿಕೊಂಡವರು, ಆಮೇಲೆ ತೃಣಮೂಲ ಸೇರಿದವರು. ಇದು ಸಿದ್ಧಾಂತಗಳ ಯುದ್ಧ ಎಂದು ನೀವು ಸಾರಿದಿರಿ. ಆ ಯುದ್ಧಕ್ಕೆ ನಿಮಗೆ ಸಿಕ್ಕ ಸೇನಾಪತಿ ಎದುರು ಪಾಳಯದ ಹಳೇ ಖಜಾಂಚಿ! ಅವರ ಮಗ ಆಗ ಹಜಾರಿಬಾಗ್‌ನ ಬಿಜೆಪಿ ಸಂಸದ. ಅಂದೇ ರಾತ್ರಿ ಬಿಜೆಪಿ ಮುರ್ಮು ಅವರ ಹೆಸರು ಹೇಳಿತು. ಆಮೇಲಿನದ್ದು ನೋಡುವಂತಿತ್ತು. ಜಾರ್ಖಂಡ್‌ನಲ್ಲಿ ನಿಮ್ಮ ಜೊತೆ ಸರ್ಕಾರ ನಡೆಸುತ್ತಿದ್ದ ಜೆಎಂಎಂ ಆದಿವಾಸಿ ಹೆಣ್ಣುಮಗಳ ಪರ ನಿಂತಿತು. ಉದ್ಧವ್ ಠಾಕ್ರೆ ಆ ಕಡೆ ಹೋದರು. ನಮ್ಮ ದೇವೇಗೌಡರೂ ಹೋದರು. ಸಿನ್ಹಾ ಅವರನ್ನು ತಮ್ಮ ಪಕ್ಷದಿಂದಲೇ ಕಳಿಸಿಕೊಟ್ಟಿದ್ದ ಮಮತಾ ಕೂಡ, ಬಿಜೆಪಿಯವರು ಮೊದಲೇ ಹೇಳಿದ್ದರೆ ಮುರ್ಮು ಒಮ್ಮತದ ಅಭ್ಯರ್ಥಿ ಆಗಬಹುದಿತ್ತು ಎಂದು ನಡುದಾರಿಯಲ್ಲಿ ಉಸಿರೆಳೆದರು. ಕೊನೆಗೆ ಮುರ್ಮು ಅವರಿಗೆ 6,76,803 ಮೌಲ್ಯದ ಮತ, ಸಿನ್ಹಾ ಅವರಿಗೆ 3,80,177. ಫಲಿತಾಂಶ ಬಂದದ್ದು ಜುಲೈ 21ರಂದು. ಅಂದು ನಿಮಗೆ ಎಂಬತ್ತು ತುಂಬಿತ್ತು. ಹುಟ್ಟುಹಬ್ಬಕ್ಕೆ ಇದಕ್ಕಿಂತ ಒಳ್ಳೆಯ ಉಡುಗೊರೆ ಯಾರಾದರೂ ಕೊಟ್ಟಿರಲಿ ಎಂದು ಹಾರೈಸುತ್ತೇನೆ.

ಅದಕ್ಕೂ ಹಿಂದೆ, 2017ರಲ್ಲಿ? ಬಿಹಾರದ ರಾಜ್ಯಪಾಲರಾಗಿದ್ದ ರಾಮನಾಥ ಕೋವಿಂದ್ ಅವರನ್ನು ಬಿಜೆಪಿ ಜೂನ್ 19ರಂದು ಹೆಸರಿಸಿತು. ಆಗ ನಿಮ್ಮ ಮಹಾಮೈತ್ರಿಯಲ್ಲೇ ಇದ್ದ ನಿತೀಶ್ ಕುಮಾರ್ ಕೋವಿಂದ್ ಪರ ಎಂದುಬಿಟ್ಟರು. 22ರಂದು ನೀವು ಬಾಬು ಜಗಜೀವನ ರಾಮ್ ಅವರ ಮಗಳು ಮೀರಾ ಕುಮಾರ್ ಅವರನ್ನು ತಂದಿರಿ. ಬಿಹಾರದ ಮಗಳು ನಿಮಗೆ ಸೋಲಿಸುವುದಕ್ಕಷ್ಟೇ ನೆನಪಾದಳೇ ಎಂದು ನಿತೀಶ್ ಚುಚ್ಚಿದರು. ನಿತೀಶರ ಮಾತಿಗೆ ನಾವು ಸಾಮಾನ್ಯವಾಗಿ ತೂಕ ಕೊಡುವುದಿಲ್ಲ, ಅದು ಯಾವ ಕಡೆಗೆ ಎಷ್ಟು ದಿನ ಇರುತ್ತದೋ ಗೊತ್ತಾಗುವುದಿಲ್ಲವಲ್ಲ. ಆದರೆ ಅಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ನನ್ನ ತಕರಾರು ನೀವು ಸೋಲುತ್ತೀರಿ ಎಂಬುದಲ್ಲ. ಸಂಖ್ಯೆ ಇಲ್ಲದಿದ್ದರೆ ಯಾರಾದರೂ ಸೋಲುತ್ತಾರೆ. ಎದುರಾಳಿ ನಿಮ್ಮ ಮೇಲೆ ಹಾಕುತ್ತಿರುವ ಪಟ್ಟು ನಿಮ್ಮದೇ ಗರಡಿಯದು, ಅದನ್ನು ನೀವೇ ಮರೆತಿದ್ದೀರಿ ಎಂಬುದು ನನ್ನ ಸಂಕಟ. 2007ರಲ್ಲಿ ಸೋನಿಯಾ ಗಾಂಧಿಯವರು ಪ್ರತಿಭಾ ಪಾಟೀಲ್ ಅವರನ್ನು ಆರಿಸಿದಾಗ ಎನ್‌ಡಿಎಯೊಳಗಿದ್ದ ಶಿವಸೇನೆಗೆ ಉಸಿರು ಕಟ್ಟಿತು. ಮರಾಠಿ ಹೆಣ್ಣುಮಗಳು ರಾಷ್ಟ್ರಪತಿಯಾಗುವಾಗ ಬಾಳಾ ಠಾಕ್ರೆ ರಾಜಸ್ಥಾನದ ಭೈರೋನ್ ಸಿಂಗ್ ಶೆಖಾವತ್ ಅವರಿಗೆ ಮತ ಹಾಕಿಸುವುದು ಹೇಗೆ? ಹಾಕಿಸಲಿಲ್ಲ. 2012ರಲ್ಲಿ ಪ್ರಣಬ್ ಮುಖರ್ಜಿ ಅವರಿಗೆ ಶಿವಸೇನೆಯ ಜೊತೆಗೆ ನಿತೀಶರ ಜೆಡಿಯು ಕೂಡ ಬಂತು, ಮುನಿಸಿಕೊಂಡಿದ್ದ ಮಮತಾ ಕೊನೆ ಗಳಿಗೆಯಲ್ಲಿ ಬಂದರು. ಅಂದರೆ ಹುರಿಯಾಳನ್ನು ಆರಿಸುವಾಗ ನಿಮ್ಮ ಕಣ್ಣು ಎದುರು ಪಾಳಯದ ಮಿತ್ರರ ಮೇಲಿತ್ತು. ಈಗ ನಿಮ್ಮ ಕಣ್ಣು ಸೋತ ದಿನ ಮಾಡಬೇಕಾದ ಭಾಷಣದ ಮೇಲಿದೆ. ಆ ಭಾಷಣಕ್ಕೆ ಯಾರ ಹೆಸರು ಚೆನ್ನಾಗಿ ಹೊಂದುತ್ತದೋ ಅವರಿಗೆ ಟಿಕೆಟ್.

ಇಲ್ಲ, 2025ರಲ್ಲಿ ನಾವೂ ಆ ಪಟ್ಟು ಹಾಕಿದೆವು ಎನ್ನಬಹುದು ನೀವು. ಜಗದೀಪ್ ಧನಕರ್ ರಾಜೀನಾಮೆಯಿಂದ ತೆರವಾದ ಉಪರಾಷ್ಟ್ರಪತಿ ಸ್ಥಾನಕ್ಕೆ ಬಿಜೆಪಿ ತಮಿಳುನಾಡಿನ ಸಿ.ಪಿ. ರಾಧಾಕೃಷ್ಣನ್ ಅವರನ್ನು ನಿಲ್ಲಿಸಿತು. ಎರಡು ದಿನದ ಮೇಲೆ ನೀವು ತೆಲುಗಿನ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ತಂದಿರಿ. ಚಂದ್ರಬಾಬು ನಾಯ್ಡು ಬೆವರುತ್ತಾರೆ ಎಂದುಕೊಂಡಿರಿ. ಅವರು ಬೆವರಲಿಲ್ಲ, ಅವರ ಬದ್ಧ ವೈರಿ ಜಗನ್ ಕೂಡ ರಾಧಾಕೃಷ್ಣನ್ ಪರವೇ ನಿಂತರು. 452ಕ್ಕೆ 300. ನಮ್ಮ 315 ಸಂಸದರೂ ಬಂದು ಮತ ಹಾಕಿದರು ಎಂದು ನಿಮ್ಮವರು ಸಂಜೆ ಬೀಗಿದ್ದರು, ಎಣಿಸಿದಾಗ ಹದಿನೈದು ಕಡಿಮೆ. ಆಮೇಲೆ ಬಂತು ನೈತಿಕ ಗೆಲುವಿನ ಮಾತು. ನೈತಿಕ ಗೆಲುವುಗಳನ್ನು ಇಡುವುದಕ್ಕೆ ನಿಮ್ಮ ಹೊಸ ಕಚೇರಿ ಇಂದಿರಾ ಭವನದಲ್ಲಿ ಪ್ರತ್ಯೇಕ ಕೊಠಡಿ ಇದ್ದರೆ ಒಳ್ಳೆಯದು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದರೆ ಇದೇ ಸ್ವಾಮಿ. ತೆಲುಗು ಸ್ವಾಭಿಮಾನವನ್ನು ಎರಡು ದಿನದಲ್ಲಿ ಎಬ್ಬಿಸಲು ಆಗುವುದಿಲ್ಲ, ಎನ್.ಟಿ. ರಾಮರಾಯರಿಗೇ ತಿಂಗಳುಗಟ್ಟಲೆ ರಥದ ಮೇಲೆ ಊರೂರು ಅಲೆಯಬೇಕಾಯಿತು.

ಈ ಸಾಲಿನಲ್ಲಿ ನಮ್ಮ ಮಂಗಳೂರಿನ ಮಾರ್ಗರೆಟ್ ಆಳ್ವ ಅವರನ್ನು ನೆನೆದರೆ ಮನಸ್ಸಿಗೆ ಹೇಗೋ ಆಗುತ್ತದೆ. ನಾಲ್ಕು ರಾಜ್ಯಗಳ ರಾಜ್ಯಪಾಲರಾಗಿದ್ದವರನ್ನು 2022ರಲ್ಲಿ ಉಪರಾಷ್ಟ್ರಪತಿ ಕಣಕ್ಕೆ ಇಳಿಸಿದಿರಿ. ತಮ್ಮನ್ನು ಕೇಳಲಿಲ್ಲವೆಂದು ತೃಣಮೂಲದವರು ಮತದಾನದಿಂದಲೇ ದೂರ ಉಳಿದರು. ಆಳ್ವ ಅವರಿಗೆ 182. ಒಂದು ಫೋನು ಮಾಡುವ ಕೆಲಸ ಯಾರದ್ದಾಗಿತ್ತು?

ಕನ್ನಡಿಗರು ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ರಾಷ್ಟ್ರಪತಿ ಚುನಾವಣೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಒಂದು ಹಳೇ ನಿದರ್ಶನವಿದೆ, ನಿಮಗೆ ಹೇಳಬೇಕಿಲ್ಲ. 1969ರ ಜುಲೈ, ಬೆಂಗಳೂರು, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಅಧ್ಯಕ್ಷರು ನಿಜಲಿಂಗಪ್ಪನವರು. ಪಾರ್ಲಿಮೆಂಟರಿ ಬೋರ್ಡು ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ನಾಮಪತ್ರಕ್ಕೆ ಸೂಚಕರಾಗಿ ಸಹಿಯನ್ನೂ ಹಾಕಿದರು, ಆಮೇಲೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದೂ ಕರೆ ಕೊಟ್ಟರು. ಹಂಗಾಮಿ ರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ರಾಜೀನಾಮೆ ಎಸೆದು ಪಕ್ಷೇತರರಾಗಿ ನಿಂತರು. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದೆ, ಎರಡನೇ ಪ್ರಾಶಸ್ತ್ಯದ ಮತಗಳನ್ನು ಎಣಿಸಬೇಕಾದ ಏಕೈಕ ರಾಷ್ಟ್ರಪತಿ ಚುನಾವಣೆ ಅದು. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ನವೆಂಬರಿನಲ್ಲಿ ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು, ಪಕ್ಷ ಎರಡು ಹೋಳಾಯಿತು. ಶಕುನ ಒಳ್ಳೆಯದಲ್ಲ ನಿಜ. ಆದರೆ ಅಂದು ರಾಷ್ಟ್ರಪತಿ ಹುದ್ದೆಗಾಗಿ ಪಕ್ಷ ಒಡೆಯುವಷ್ಟು ಜಗಳವಾಡುವ ಜೀವ ಇತ್ತು. ಈಗ ಆ ಹುದ್ದೆಗೆ ನಿಲ್ಲಿ ಎಂದರೆ ಹಿರಿಯರೆಲ್ಲ ಔಷಧಿ ಚೀಟಿ ತೋರಿಸುತ್ತಾರೆ.

ಲೆಕ್ಕವನ್ನೂ ಒಮ್ಮೆ ನೋಡಿಬಿಡೋಣ. ಇನ್ನೂ 1971ರ ಜನಗಣತಿಯ ಮೇಲೆ ನಡೆಯುವ ಲೆಕ್ಕ ಇದು. ಕರ್ನಾಟಕದ ಶಾಸಕರ ಒಂದು ಮತಕ್ಕೆ 131 ಬೆಲೆ, ಸಿಕ್ಕಿಂನದಕ್ಕೆ 7, ಉತ್ತರ ಪ್ರದೇಶದ್ದಕ್ಕೆ 208. 2022ರಲ್ಲಿ ಸಂಸದರ ಮತಕ್ಕೆ 700 ಇತ್ತು. 2023ರಲ್ಲಿ ಇಲ್ಲಿ ಗೆದ್ದ 135 ಶಾಸಕರಿಂದ ನಿಮಗೆ 17,685. ಇನ್ನೂರೆಂಟರಷ್ಟು ದುಬಾರಿಯಲ್ಲದ ಮತ ಎಂದು ನಮ್ಮವರು ಬೇಸರಿಸಬಾರದು, ಏಕೆಂದರೆ ಉತ್ತರ ಪ್ರದೇಶದಲ್ಲಿ 2022ರಲ್ಲಿ ಗೆದ್ದವರು ಇಬ್ಬರು, ಅವರಿಂದ 416. ಲೋಕಸಭೆಯಲ್ಲಿ 2024ರಲ್ಲಿ ಗೆದ್ದ 99 ಮಂದಿಯದು 69,300. ಗೆಲ್ಲಲು ಬೇಕಾದದ್ದು ಸುಮಾರು ಐದೂವರೆ ಲಕ್ಷ. ಆದ್ದರಿಂದ ನೀವು ಯಾರನ್ನು ನಿಲ್ಲಿಸುತ್ತೀರಿ ಎಂಬುದಕ್ಕಿಂತ ಅಖಿಲೇಶ್, ಮಮತಾ, ಸ್ಟಾಲಿನ್ ಜೊತೆ ಯಾವಾಗ ಮಾತಾಡುತ್ತೀರಿ ಎಂಬುದು ದೊಡ್ಡದು. 2024ರಲ್ಲಿ ಬಿಜೆಪಿ 240ಕ್ಕೆ ನಿಂತು, ನಾಯ್ಡು ಅವರ 16 ಮತ್ತು ನಿತೀಶರ 12 ಸಂಸದರ ಹೆಗಲ ಮೇಲೆ ಸರ್ಕಾರ ಕೂತಿತು. ವ್ಹಿಪ್ ಇಲ್ಲದ, ಗುಪ್ತ ಮತದಾನದ ಚುನಾವಣೆಗೆ ಇಂಥ ಕಾಲ ಪದೇ ಪದೇ ಬರುವುದಿಲ್ಲ.

ಇನ್ನು ಹೆಸರುಗಳು. ಇನ್ನೊಬ್ಬ ನಿವೃತ್ತ ನ್ಯಾಯಮೂರ್ತಿ ದಯವಿಟ್ಟು ಬೇಡ. 1967ರಲ್ಲಿ ಸುಬ್ಬರಾವ್, 1982ರಲ್ಲಿ ಎಚ್.ಆರ್. ಖನ್ನಾ, 1987ರಲ್ಲಿ ಕೃಷ್ಣ ಅಯ್ಯರ್ ನಿಮ್ಮ ಪಕ್ಷದ ವಿರುದ್ಧವೇ ನಿಂತು ಸೋತವರು. ಎಂಥೆಂಥ ಘನವಂತರು! ಸೋಲುವ ನ್ಯಾಯಮೂರ್ತಿ ಎಂಬುದು ವಿರೋಧ ಪಕ್ಷದ ಹಳೇ ಪದ್ಧತಿ, ಅಧಿಕಾರ ಹೋದ ಮೇಲೆ ನಿಮಗೆ ಬಳುವಳಿಯಾಗಿ ಬಂದಿದೆ.

ತರೂರ್? ಅವರ ಹೆಸರನ್ನು ನೀವು ಹೇಳುವ ಮುಂಚೆ ಬಿಜೆಪಿ ಹೇಳಿಬಿಟ್ಟರೆ ಏನು ಮಾಡುತ್ತೀರಿ ಎಂದು ಯೋಚಿಸಿಟ್ಟುಕೊಳ್ಳಿ. ಎದುರು ಪಾಳಯದ ಅಟ್ಟದಿಂದ ಯಾರನ್ನಾದರೂ ಇಳಿಸುವ ಚಟ ಬಿಡದಿದ್ದರೆ ಧನಕರ್ ಇದ್ದಾರೆ. 2024ರ ಡಿಸೆಂಬರಿನಲ್ಲಿ ಅವರನ್ನು ಪದಚ್ಯುತಗೊಳಿಸಲು ನೋಟಿಸ್ ಕೊಟ್ಟವರೂ ನೀವೇ, 2025ರಲ್ಲಿ ಅವರು ಕುರ್ಚಿ ಬಿಟ್ಟ ಮೇಲೆ ಎಲ್ಲಿ ಹೋದರೋ ಎಂದು ಕಣ್ಣೀರು ಹಾಕಿದವರೂ ನಿಮ್ಮವರೇ. ಯಶವಂತ ಸಿನ್ಹಾ ಅವರನ್ನು ನುಂಗಿದವರಿಗೆ ಇವರು ಯಾವ ಲೆಕ್ಕ?

ಇನ್ನು ಉಳಿದದ್ದು ನೀವು. ನಗಬೇಡಿ. ಈವರೆಗೆ ಒಬ್ಬ ಕನ್ನಡಿಗನೂ ಆಯ್ಕೆಯಾಗಿ ರಾಷ್ಟ್ರಪತಿಯಾಗಿಲ್ಲ. ಜತ್ತಿಯವರು 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿಯಾಗಿ ಕೂತದ್ದೇ ನಮ್ಮ ಪಾಲು. ನಿಮ್ಮ ಹೆಸರು ಬಂದರೆ ಕರ್ನಾಟಕದಿಂದ ಗೆದ್ದ ಬಿಜೆಪಿಯ 17 ಸಂಸದರು ಟಿವಿ ಮೈಕಿನ ಮುಂದೆ ಏನು ಹೇಳುತ್ತಾರೆ ಎಂದು ನೋಡುವ ಆಸೆ ನನಗಂತೂ ಇದೆ. ದೇವೇಗೌಡರ ಮನೆಯಲ್ಲಿ ಅಂದು ರಾತ್ರಿ ಎಷ್ಟು ಹೊತ್ತಿನವರೆಗೆ ದೀಪ ಉರಿಯುತ್ತದೆ ಎಂದೂ ನೋಡಬೇಕು. ವಯಸ್ಸು ಅಡ್ಡಿಯೆನ್ನುವಂತಿಲ್ಲ, ಸಂವಿಧಾನ ಕೇಳುವುದು ಮೂವತ್ತೈದು ತುಂಬಿರಬೇಕೆಂದು ಮಾತ್ರ. ನಿಮಗೆ ಅದು ಯಾವಾಗಲೋ ತುಂಬಿದೆ. ಆದರೆ ನಿಮ್ಮ ಹೆಸರನ್ನು ಸೂಚಿಸಲು ಐವತ್ತು ಜನ, ಅನುಮೋದಿಸಲು ಐವತ್ತು ಜನ ಬೇಕು. ಅವರಲ್ಲಿ ಎಷ್ಟು ಜನ ಪ್ರೀತಿಯಿಂದ ಸಹಿ ಹಾಕುತ್ತಾರೆ, ಎಷ್ಟು ಜನ ಎಐಸಿಸಿ ಅಧ್ಯಕ್ಷರ ಕುರ್ಚಿ ಖಾಲಿಯಾಗುತ್ತದೆ ಎಂದು ಹಾಕುತ್ತಾರೆ ಎಂಬುದನ್ನು ಮಾತ್ರ ನೀವೇ ಪತ್ತೆ ಮಾಡಿಕೊಳ್ಳಬೇಕು.

ಯಾರಾದರೂ ಆಗಲಿ, ಯುಗಾದಿಯೊಳಗೆ ಹೇಳಿಬಿಡಿ. ಹುರಿಯಾಳು ಮೂರು ತಿಂಗಳು ರಾಜ್ಯ ರಾಜ್ಯ ಸುತ್ತಲಿ. ರಾಜ್ಯಪಾಲರು ಮಸೂದೆಗಳ ಮೇಲೆ ಕೂತಿರುವುದರ ಬಗ್ಗೆ, ರಾಷ್ಟ್ರಪತಿಗಳು ಸಹಿ ಹಾಕದೆ ಹಿಂದಕ್ಕೆ ಕಳಿಸಬಹುದಾದದ್ದರ ಬಗ್ಗೆ ಮಾತಾಡಲಿ. ಮತವಿಲ್ಲದ ನಾವೂ ಕೇಳಿಸಿಕೊಳ್ಳುತ್ತೇವೆ. ಜೂನ್ ಮೂರನೇ ವಾರಕ್ಕೆ ಬಿಟ್ಟರೆ ಮಾತ್ರ, ನನ್ನ ಫೋನಿಗೂ ಕರೆ ಬರಬಹುದು ಎಂಬ ಭಯ ನನಗಿದೆ. ಮುಂಚಿತವಾಗಿಯೇ ಹೇಳಿಬಿಡುತ್ತೇನೆ, ಮೊಣಕಾಲು ನೋವು.

ಇತಿ ನಿಮ್ಮ ವಿಶ್ವಾಸಿ,
ರಾಷ್ಟ್ರಪತಿ ಚುನಾವಣೆಯಲ್ಲಿ ಮತವಿಲ್ಲದ ಒಬ್ಬ ಮತದಾರ

ವಿ.ಸೂ.: ಮತದಾನದ ದಿನ ನಿಮ್ಮ ಶಾಸಕರಿಗೆ ಪೆನ್ನಿನ ವಿಚಾರ ತಿಳಿಹೇಳಿ. ಗುಲಾಬಿ ಬಣ್ಣದ ಮತಪತ್ರದ ಮೇಲೆ ಆಯೋಗ ಕೊಡುವ ನೇರಳೆ ಶಾಯಿಯ ಪೆನ್ನಿನಲ್ಲೇ ಬರೆಯಬೇಕು. ಅಕ್ಷರದಲ್ಲಿ ‘ಒಂದು’ ಎಂದು ಬರೆದರೆ ಮತ ತಿರಸ್ಕೃತ, ಅಂಕಿಯಲ್ಲಿ ಬರೆಯಬೇಕು. ಕನ್ನಡದ ೧ ಕೂಡ ನಡೆಯುತ್ತದೆ. 2016ರಲ್ಲಿ ಹರಿಯಾಣದ ರಾಜ್ಯಸಭಾ ಚುನಾವಣೆಯಲ್ಲಿ ಬೇರೆ ಪೆನ್ನು ಬಳಸಿದ ಕಾರಣಕ್ಕೆ ನಿಮ್ಮವರ ಹತ್ತಕ್ಕೂ ಹೆಚ್ಚು ಮತಗಳು ಕಸದ ಬುಟ್ಟಿ ಸೇರಿ, ಬಿಜೆಪಿ ಬೆಂಬಲದ ಸುಭಾಷ್ ಚಂದ್ರ ಗೆದ್ದುಬಿಟ್ಟರು. ಆ ಪೆನ್ನು ಎಲ್ಲಿಂದ ಬಂತೆಂಬ ಬಗ್ಗೆ ನಿಮ್ಮವರು ಆಮೇಲೆ ದೊಡ್ಡ ಗಲಾಟೆ ಎಬ್ಬಿಸಿದರು. ಈ ಸಲ ಗಲಾಟೆಯನ್ನು ಮತದಾನಕ್ಕೆ ಮುಂಚೆಯೇ ಮುಗಿಸಿಕೊಂಡರೆ ಅನುಕೂಲ.