ಪದ್ಮಿನಿ ಕಾಕಾ

ಪುಣೆಯ ಬಳಿಯ ದೇಹೂ ರೋಡಿನ ಪ್ರತಿ ಕಾಲೊನಿಗೂ ಒಬ್ಬ ಪದ್ಮಿನಿ ಕಾಕಾ ಇರುತ್ತಾರೆ. ವಿಜಯಪುರದ ಕಡೆಯಿಂದ ಬಂದು, ಇಲ್ಲಿನ ಆರ್ಡನೆನ್ಸ್ ಡಿಪೋದಲ್ಲಿ ಸ್ಟೋರ್ ಕೀಪರ್ ಆಗಿ ನಿವೃತ್ತರಾದವರು. ಮಿಲಿಟರಿ ಸಾಮಾನಿನ ಲೆಕ್ಕ ಬರೆದೂ ಬರೆದೂ ತಾವೂ ಅರ್ಧ ಸೈನಿಕ ಎಂಬ ನಂಬಿಕೆ ಬಂದುಬಿಟ್ಟಿದೆ. ಯುದ್ಧವೊಂದು ಬಾಕಿ. ಅದನ್ನು ಜುಲೈ ತಿಂಗಳು ಒದಗಿಸುತ್ತದೆ.

ಅವರ ರಣವಾಹನ ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್, ಸ್ಟೇರಿಂಗಿಗೆ ಅಂಟಿಕೊಂಡ ಗೇರು, ಕೈಯಿಂದ ತಿರುಗಿಸುವ ಕಿಟಕಿ. ಆ ಕಾರಿನ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಆದರೂ ಐದು ವರ್ಷಕ್ಕೊಮ್ಮೆ ಆರ್‌ಟಿಓದಲ್ಲಿ ನೋಂದಣಿ ನವೀಕರಣವಾದ ದಿನ, ಮಗ ಎಸ್ಸೆಸ್ಸೆಲ್ಸಿ ಪಾಸಾದಂತೆ ಕಾಕಾ ಪೇಢೆ ಹಂಚುತ್ತಾರೆ.

ಮಳೆ ಜೋರಾದರೆ ಕಾತ್ರಜ್–ದೇಹೂ ರೋಡ್ ಬೈಪಾಸಿನ ಕೆಳಗೆ, ಪುನಾವಳೆ, ತಾಥವಡೆಯ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲುತ್ತದೆ. ಹೊಸ ಕಾರಿನವರು ಸಾಲಾಗಿ ನಿಂತು ಮೊಬೈಲ್ ನೋಡುತ್ತಾರೆ. ಕಾಕಾ ಇಳಿದು ಬಾನೆಟ್ ಎತ್ತುತ್ತಾರೆ.

ಕಾಕಾರಿಗೆ ಗಾಡಿ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ನೀರು ತಗುಲಿದರೆ ಡಿಸ್ಟ್ರಿಬ್ಯೂಟರಿನಿಂದ ಪ್ಲಗ್ಗಿಗೆ ಕಿಡಿ ಹೋಗದು ಎಂದು ಗೊತ್ತು. ಅದಕ್ಕೇ ತೊಳೆದು ಒಣಗಿಸಿಟ್ಟ ಚಿತಳೆ ಹಾಲಿನ ಚೀಲವನ್ನು ಅದರ ಕ್ಯಾಪಿಗೆ ತೊಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಫ್ಯಾನು ತಿರುಗಿದರೆ ಎಂಜಿನ್ ಮೇಲೆಲ್ಲ ನೀರೆರಚುತ್ತದೆಂದು ಬೆಲ್ಟು ಕಳಚುತ್ತಾರೆ. ಫಸ್ಟ್ ಗೇರು, ಆಕ್ಸಿಲರೇಟರ್ ಒಂದೇ ಸಮ, ನಡುವೆ ಗೇರು ಬದಲಿಸುವಂತಿಲ್ಲ. ಸೈಲೆನ್ಸರಿನಿಂದ ಹೊಗೆ ಬರುತ್ತಲೇ ಇರಬೇಕು. ಎಲ್ಲವೂ ಸರಿಯೇ.

"ನಿಮ್ಮ ಗಾಡಿಯೊಳಗ ಕಂಪ್ಯೂಟರ್ ಅದ, ಅದಕ್ಕ ನೆಗಡಿ ಆಗ್ತದ," ಎಂದು ಪಕ್ಕದ ಕಾರಿನ ಹುಡುಗನಿಗೆ ಹೇಳುತ್ತಾರೆ. "ನಂದು ನೋಡೋ ತಮ್ಮಾ, ಪಾನಶೆಟ್ ಒಡದಾಗಿನ ಕಾಲದ್ದು!" ಪಾನಶೆಟ್ ಅಣೆಕಟ್ಟು ಒಡೆದದ್ದು 1961ರ ಜುಲೈ 12ರಂದು. ಪದ್ಮಿನಿ ಎಂಬ ಹೆಸರು ಬಂದದ್ದೇ 1974ರಲ್ಲಿ. ಹುಡುಗನಿಗೆ ಎರಡೂ ಗೊತ್ತಿಲ್ಲ, ಹಾಗಾಗಿ ಕಾಕಾ ಗೆಲ್ಲುತ್ತಾರೆ.

ಹಿಂದಿನ ಸೀಟಿನಿಂದ ಕಾಕಾರ ಹೆಂಡತಿ ಕಾಕು, "ಏನ್ರಿ, ಸುತ್ತ ಹಾಕಿ ರಾವೇತದ ಕಡಿಂದ ಹೋಗೂಣಲ್ರಿ," ಎನ್ನುತ್ತಾರೆ. ಹೇಳುತ್ತಲೇ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಸೀರೆಯ ನಿರಿಗೆ ಎತ್ತಿಕೊಂಡು, ಕಾಲು ಸೀಟಿನ ಮೇಲೆ ಮಡಚಿ, ಮೆಂತ್ಯದ ಕಟ್ಟನ್ನು ಮಡಿಲಿಗೇರಿಸಿ, ಸ್ಟೀಲ್ ಡಬ್ಬಿ ಕೈಗೆ ತೆಗೆದುಕೊಳ್ಳುತ್ತಾರೆ. ತಳದ ತಗಡು ತುಕ್ಕು ಹಿಡಿದ ಜಾಗ ಅವರಿಗೆ ಗೊತ್ತು.

"ಒಳಗ ನೀರು ಬರೂದು ಚಲೋನೇ ಅದ, ಗಾಡಿ ತೇಲೂದಿಲ್ಲ," ಎಂದು ಕಾಕಾ ಸಮಾಧಾನ ಹೇಳುತ್ತಾರೆ. "ಸಂತ ತುಕೋಬಾರಾಯರ ಅಭಂಗದ ಗಾಥಾನ ಇಂದ್ರಾಯಣಿ ಹೊಳಿಯೊಳಗ ಹದಿಮೂರು ದಿನ ಇದ್ದು ಹಂಗೇ ಬಂತು. ಇದು ಅವರ ಊರ ರೋಡು."

ನಡು ನೀರಿನಲ್ಲಿ ಎದುರಿನಿಂದ ಒಂದು ಟೆಂಪೋ ಬರುತ್ತದೆ. ಅದೆಬ್ಬಿಸಿದ ಅಲೆ ಬಾನೆಟ್ ಹತ್ತುತ್ತದೆ. ಪದ್ಮಿನಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ಇಲ್ಲಿಯವರೆಗೆ ಎಲ್ಲ ಸರಿಯಾಗಿ ಮಾಡಿದ ಮನುಷ್ಯ ಈಗ ಕೀಲಿ ತಿರುಗಿಸುತ್ತಾರೆ, ಮತ್ತೆ ತಿರುಗಿಸುತ್ತಾರೆ. ಗಾಳಿಯನ್ನು ಪಿಸ್ಟನ್ ಒತ್ತಬಲ್ಲದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಬಾಗುವುದು ಕನೆಕ್ಟಿಂಗ್ ರಾಡು. ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟುವ ಹೊತ್ತಿಗೆ ಕಾಕುವಿನ ಡಬ್ಬಿ ಎಷ್ಟೋ ಸಲ ತುಂಬಿ ಖಾಲಿಯಾಗಿರುತ್ತದೆ. ಗ್ಯಾರೇಜಿನವನು ಕೇಳುವ ಗಡುವು ಹೆಚ್ಚು ಕಡಿಮೆ ಗಾಥೆಯಷ್ಟೇ. ರಾತ್ರಿ ಕಟ್ಟೆಯ ಮೇಲೆ ಕಾಕಾರ ವರದಿ ಮಾತ್ರ ಬೇರೆ: "ಟ್ರ್ಯಾಕ್ಟರಿನಾಂವ ಪಾಪ ಖಾಲಿ ನಿಂತಿದ್ದ, ಅದಕ್ಕ ಕರದೆ."

ಕಾಕಾರಿಗೆ ಗಾಡಿ ಗೊತ್ತು, ನೀರು ಗೊತ್ತಿಲ್ಲ. ಕೆಂಪು ನೀರಿನಡಿ ಗುಂಡಿ ಎಲ್ಲಿದೆ, ಮುಚ್ಚಳ ಕಳಚಿದ ಚೇಂಬರ್ ಎಲ್ಲಿದೆ ಎಂದು ಹಾಲಿನ ಚೀಲ ಹೇಳುವುದಿಲ್ಲ. ಒಂದಡಿ ಹರಿಯುವ ನೀರು ಚಿಕ್ಕ ಕಾರನ್ನು ಎತ್ತಬಲ್ಲದು, ಎರಡಡಿ ಬಹುತೇಕ ಕಾರುಗಳನ್ನು ಒಯ್ಯಬಲ್ಲದು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ, ಬಾಗಿಲು ತೆಗೆಯಲಾಗದೆ ಕಾರಿನೊಳಗೇ ಜನ ಸತ್ತರು. ಆ ಸುದ್ದಿ ಓದಿ ಕಾಕಾ ಕಲಿತದ್ದು, ಕೈಯಿಂದ ತಿರುಗಿಸುವ ಕಿಟಕಿಯೇ ಶ್ರೇಷ್ಠ ಎಂಬುದನ್ನು.

ಹೀಗಾಗಿ ಓದುಗರಲ್ಲಿ ಒಂದು ವಿನಂತಿ. ಈ ಮಳೆಗಾಲದಲ್ಲಿ ನಿಮ್ಮ ಕಾಲೊನಿಯ ಕಾಕಾ ಬಾಗಿಲು ತೆರೆದು "ಕೂಡೋ ತಮ್ಮಾ, ಏನೂ ಆಗೂದಿಲ್ಲ" ಎಂದರೆ ವಾದ ಮಾಡಬೇಡಿ. ಕೀಲಿ ಇಸಿದುಕೊಂಡು, ಒಂದು ಕಟಿಂಗ್ ಚಹಾ ಕೊಡಿಸಿ, ಪಾನಶೆಟ್ ಕಥೆ ಕೇಳಿ. ಅದು ಮುಗಿಯುವಷ್ಟರಲ್ಲಿ ಎಂಥ ನೀರೂ ಇಳಿದಿರುತ್ತದೆ.