ಟಿಕೆಟ್ ಕಳಿಸಿದ ಮಕ್ಕಳಿಗೆ ಒಂದು ಬಹಿರಂಗ ಪತ್ರ

ದುಬೈ, ಲಂಡನ್, ನ್ಯೂಜೆರ್ಸಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಬೆಳಗಾವಿ, ಖಾನಾಪುರದ ಮಕ್ಕಳೇ,

ನಿಮ್ಮ ಅಪ್ಪ, ಅವ್ವ ನಿಮ್ಮಲ್ಲಿಗೆ ಹೊರಡುವ ಮುಂಚೆ ನಮ್ಮ ಔಷಧಿ ಅಂಗಡಿಗೆ ಬರುತ್ತಾರೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ತೋರಿಸುತ್ತಾರೆ. ಕುಂದಾ, ಶೇಂಗಾ ಚಟ್ನಿ, ಖಾರಪುಡಿ, ಮೊಮ್ಮಗಳಿಗೆ ಫ್ರಾಕು. ವರ್ಷಾನುಗಟ್ಟಲೆಯಿಂದ ಸಿಹಿ ಮುಟ್ಟದವರು ಕಿಲೋಗಟ್ಟಲೆ ಕುಂದಾ ಹೊತ್ತು ತರುವ ಆ ಪಟ್ಟಿಯಲ್ಲಿ ಅವರ ಇನ್ಸುಲಿನ್ನಿನ ಹೆಸರಿಲ್ಲ. ಟಿಕೆಟ್, ವೀಸಾ, ಗಾಲಿಕುರ್ಚಿ ಎಲ್ಲವನ್ನೂ ನೀವು ಅಲ್ಲಿಂದಲೇ ನೋಡಿಕೊಂಡಿರುತ್ತೀರಿ. ಔಷಧಿಯ ವಿಚಾರ ಅವರಿಗೇ ಬಿಟ್ಟಿರುತ್ತೀರಿ. ಅವರು ಬಾಯಿ ಬಿಡುವುದಿಲ್ಲ. "ಹುಡುಗಗ ಯಾಕ ತ್ರಾಸ, ಏನೂ ಆಗೂದಿಲ್ಲ ಬಿಡ್ರಿ" ಅನ್ನುತ್ತಾರೆ. ಅವರ ಪರವಾಗಿ ನಾನು ಬರೆಯುತ್ತಿದ್ದೇನೆ.

ಇದು ಒಂದೆರಡು ಮನೆಯ ಮಾತಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಖಾನಾಪುರದಿಂದ ಘಟ್ಟ ಇಳಿದರೆ ಸಿಗುವ ಗೋವಾ ಆ ಅಧ್ಯಯನದ ರಾಜ್ಯವಾರು ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದೆ, ಶೇಕಡಾ 26.4.

ನಿಮ್ಮ ಟಿಕೆಟ್‌ನಲ್ಲಿ ಪ್ರಯಾಣ ಶುರುವಾಗುವುದು ಮುಂಬೈ ಅಥವಾ ಬೆಂಗಳೂರಿನಿಂದ. ಬೆಳಗಾವಿಯ ಸಾಂಬ್ರಾ ವಿಮಾನನಿಲ್ದಾಣದಿಂದ ಹೊರದೇಶಕ್ಕೆ ನೇರ ವಿಮಾನವಿಲ್ಲ. ಹೀಗಾಗಿ ನಂದಗಡದ ಮುದುಕರೊಬ್ಬರ ಪಾಲಿಗೆ ಹಾದಿ ಹಿಂದಿನ ದಿನವೇ ಶುರುವಾಗಿರುತ್ತದೆ: ಊರಿಂದ ಖಾನಾಪುರ, ಅಲ್ಲಿಂದ ಬೆಳಗಾವಿ, ಆಮೇಲೆ ರಾತ್ರಿ ಬಸ್ಸು. ಇನ್ಸುಲಿನ್ ಇದ್ದ ಚೀಲವನ್ನು ಬಸ್ಸಿನ ಡಿಕ್ಕಿಗೆ ಹಾಕಿದರೆ ಕಾವು ಹೊಡೆಯುತ್ತದೆ, ವಿಮಾನದ ಲಗೇಜಿಗೆ ಹಾಕಿದರೆ ಹೆಪ್ಪುಗಟ್ಟಬಹುದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಅದು ಕೈಚೀಲದಲ್ಲೇ ಇರಬೇಕು. ಜೊತೆಗೆ ಯಾರಾದರೂ ಇದ್ದರೆ ಅರ್ಧ ಅವರ ಚೀಲದಲ್ಲಿರಲಿ. ತೆರೆಯದ ಪೆನ್ನು, ಸೀಸೆಗಳಿಗೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಕೆಯಲ್ಲಿರುವುದು ಸಾಮಾನ್ಯವಾಗಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಡೆಯುತ್ತದೆ. ಕುಂಬಾರಿಕೆಗೆ ಹೆಸರಾದ ಖಾನಾಪುರದವರಿಗೆ ಮಡಕೆ ನೀರನ್ನು ಹೇಗೆ ತಣ್ಣಗಿಡುತ್ತದೆ ಎಂದು ಹೇಳಬೇಕಿಲ್ಲ. ನೀರಲ್ಲಿ ನೆನೆಸಿ ಬಳಸುವ ಇನ್ಸುಲಿನ್ ಚೀಲಗಳೂ ಅದೇ ರೀತಿ, ನೀರು ಆವಿಯಾಗಿ ತಂಪಾಗುತ್ತವೆ. ಐಸ್ ಗಡ್ಡೆಗೆ ತಾಗಿಸಿ ಇಡುವುದಕ್ಕಿಂತ ಇದು ಒಳ್ಳೆಯದು.

ನನಗೆ ನಿದ್ದೆಗೆಡಿಸುವುದು ಸಿರಿಂಜಿನ ವಿಚಾರ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಹೆಚ್ಚಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ನೀವಿರುವ ದೇಶಗಳಲ್ಲಿ ಸಾಮಾನ್ಯವಾಗಿ ಸಿಗುವುದು 100 ಯೂನಿಟ್‌ನದು, ಸಿರಿಂಜಿಗೆ ಕಿತ್ತಳೆ ಮುಚ್ಚಳ. ಇಲ್ಲಿಂದ ತಂದ ಸೀಸೆ ಮುಗಿಯಿತೆಂದು ನೀವು ಅಲ್ಲಿ ಹೊಸದು ಕೊಂಡು ತರುತ್ತೀರಿ. ಅವ್ವ ತನ್ನ ರೂಢಿಯ ಕೆಂಪು ಮುಚ್ಚಳದ ಸಿರಿಂಜಿನಲ್ಲೇ 20ರ ಗೆರೆಯವರೆಗೆ ಎಳೆಯುತ್ತಾಳೆ. ಮೈಗೆ ಹೋಗುವುದು 50 ಯೂನಿಟ್. ರಾತ್ರಿ ಮಲಗಿದವಳು ಬೆಳಿಗ್ಗೆ ಏಳದಿರಲು ಅಷ್ಟು ಸಾಕು. ದಯವಿಟ್ಟು ಇದನ್ನು ಎರಡು ಸಲ ಓದಿ. ಇಡೀ ಪ್ರವಾಸಕ್ಕೆ ಸಾಲುವಷ್ಟು ಔಷಧಿ, ಸಿರಿಂಜು, ಮೇಲೊಂದಿಷ್ಟು ಹೆಚ್ಚು ಇಲ್ಲಿಂದಲೇ ತರಿಸಿಕೊಳ್ಳಿ. ಅಲ್ಲಿ ಕೊಳ್ಳಲೇಬೇಕಾದರೆ ಅದಕ್ಕೆ ಹೊಂದುವ ಸಿರಿಂಜನ್ನೂ ಕೊಂಡು, ಹಳೆಯವನ್ನು ಎಸೆದುಬಿಡಿ.

ಸಕ್ಕರೆ ಅಳೆಯುವ ಮೀಟರಿನ ಅಂಕಿಯೂ ಬೇರೆ. ಲಂಡನ್ನಿನ ಮೀಟರ್ 7 ತೋರಿಸಿದರೆ ಅಪ್ಪ ಗಾಬರಿಯಾಗುತ್ತಾರೆ, ನಮ್ಮ ಲೆಕ್ಕದಲ್ಲಿ ಅದು 126. ಅಲ್ಲಿನ ಅಂಕಿಯನ್ನು 18ರಿಂದ ಗುಣಿಸಬೇಕು.

ಗಲ್ಫಿನಲ್ಲಿರುವವರಿಗೆ ಬೇರೆಯೇ ಹೇಳಬೇಕು. ಕಾಲುರಿ, ಜೋಮಿಗೆ ಇಲ್ಲಿ ಡಾಕ್ಟರು ಸಾಮಾನ್ಯವಾಗಿ ಬರೆಯುವ ಪ್ರೆಗಾಬಾಲಿನ್ ಯುಎಇ, ಸೌದಿಗಳಲ್ಲಿ ನಿಯಂತ್ರಿತ ಔಷಧಿ. ಯುಎಇಗೆ ಒಯ್ಯುವುದಿದ್ದರೆ ಅಲ್ಲಿನ ಸರ್ಕಾರದಿಂದ ಮುಂಚೆಯೇ ಆನ್‌ಲೈನ್ ಅನುಮತಿ ಪಡೆಯಬೇಕು. ಇಂಗ್ಲಿಷ್ ಬಾರದ ಮುದುಕಿ ವಿಮಾನನಿಲ್ದಾಣದಲ್ಲಿ ಈ ಮಾತ್ರೆ ಯಾತಕ್ಕೆ ಎಂದು ವಿವರಿಸುವ ಪರಿಸ್ಥಿತಿ ತರಬೇಡಿ. ಹಜ್‌ಗೆ ಕಳಿಸುವವರು 2024ರ ಜೂನ್ ನೆನಪಿಡಿ. ಮೆಕ್ಕಾದಲ್ಲಿ ಬಿಸಿಲು 50 ಡಿಗ್ರಿ ದಾಟಿತ್ತು, 1,301 ಮಂದಿ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಹೋದವರಿಗೆ ಕಾದ ನೆಲದಲ್ಲಿ ಅಂಗಾಲು ಸುಟ್ಟರೂ ಗೊತ್ತಾಗುವುದಿಲ್ಲ. ಹಜ್‌ನ ಇಹ್ರಾಮ್ ವ್ರತದಲ್ಲಿರುವ ಗಂಡಸರು ಬೂಟು ಹಾಕುವಂತಿಲ್ಲ, ಆದ್ದರಿಂದ ಮೆತ್ತನೆಯ ಗಟ್ಟಿ ಚಪ್ಪಲಿ ಎರಡು ಜೊತೆ ಇರಲಿ, ಕಳಚಿದ್ದನ್ನು ಚೀಲದಲ್ಲೇ ಇಟ್ಟುಕೊಳ್ಳಲಿ. ರಾತ್ರಿ ಯಾರಾದರೂ ಒಬ್ಬರು ಅವರ ಅಂಗಾಲು ನೋಡಬೇಕು.

ಇನ್ನು ಗಡಿಯಾರದ ಲೆಕ್ಕ. ದುಬೈಗೂ ನಮಗೂ ಒಂದೂವರೆ ತಾಸಿನ ಅಂತರ, ಅದಕ್ಕೆ ಡೋಸ್ ಬದಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ನ್ಯೂಜೆರ್ಸಿಗೆ ಹೊರಟ ದಿನ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ತಾಸು ಹಿಗ್ಗುತ್ತದೆ. ಮೆಲ್ಬರ್ನ್‌ಗಾದರೆ ದಿನ ಕುಗ್ಗುತ್ತದೆ. ಯಾವ ಇಂಜೆಕ್ಷನ್ ಯಾವ ಹೊತ್ತಿಗೆ ಎಂಬುದನ್ನು ಅವರ ಡಾಕ್ಟರೇ ಹಾಳೆಯ ಮೇಲೆ ಬರೆದುಕೊಡಬೇಕು. 1963ರಿಂದ ಮೆಡಿಕಲ್ ಕಾಲೇಜು ಇರುವ ಊರು ನಮ್ಮದು, ಬಿಮ್ಸ್ ಆಸ್ಪತ್ರೆ ಕೂಡ ಇದೆ; ಕೇಳಿದರೆ ಹೇಳುವವರಿಗೆ ಕೊರತೆಯಿಲ್ಲ. ಕೇಳಬೇಕಾದವರು ನೀವು. ಟಿಕೆಟ್ ತೆಗೆದ ವಾರವೇ ಡಾಕ್ಟರ ಸಮಯ ಗೊತ್ತುಮಾಡಿ, ವಿಡಿಯೊ ಕರೆಯಲ್ಲಿ ನೀವೂ ಕೂಡಿರಿ. ಔಷಧಿಗಳ ಮೂಲ ಹೆಸರು, ಪ್ರಮಾಣ ಇರುವ ಇಂಗ್ಲಿಷ್ ಪತ್ರ ಕೇಳಿ, ಏಕೆಂದರೆ ಇಲ್ಲಿನ ಕಂಪನಿ ಹೆಸರು ಅಲ್ಲಿನ ಅಂಗಡಿಯವರಿಗೆ ಗೊತ್ತಿರುವುದಿಲ್ಲ. ವಿಮಾನದಲ್ಲಿ ಊಟ ಎದುರಿಗೆ ಬಂದ ಮೇಲೆಯೇ ಊಟದ ಇಂಜೆಕ್ಷನ್ ತೆಗೆದುಕೊಳ್ಳಲು ಹೇಳಿ. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಹದಿನೈದು ನಿಮಿಷದ ಮೇಲೆ ಮತ್ತೆ ಪರೀಕ್ಷೆ. ಅದಕ್ಕೆ ಬೇಕಾದ ಪುಡಿ ಜೇಬಿನಲ್ಲೇ ಇರಲಿ.

ಇನ್ನೊಂದು ಮಾತು. ಪ್ರವಾಸ ವಿಮೆಯ ಅರ್ಜಿಯಲ್ಲಿ ಮೊದಲಿನಿಂದ ಕಾಯಿಲೆ ಇದೆಯೇ ಎಂಬ ಪ್ರಶ್ನೆ ಇರುತ್ತದೆ. ಪ್ರೀಮಿಯಂ ಹೆಚ್ಚಾಗುತ್ತದೆಂದು ಅಲ್ಲಿ 'ಇಲ್ಲ' ಎಂದು ಬರೆಯಬೇಡಿ. ಅಲ್ಲಿನ ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ವಿಮಾ ಕಂಪನಿ ಮೊದಲು ತೆಗೆದು ನೋಡುವುದು ಆ ಸಾಲನ್ನೇ.

ಇಂತಿ,
ಬೆಳಗಾವಿಯ ಒಬ್ಬ ಔಷಧಿ ಅಂಗಡಿಯವಳು